ಭಂಡಾರ ಮುಟ್ಟದ ಕೈ

ಜವನಗೊಂಡನಹಳ್ಳಿ ಹತ್ತಿರದ ಹಟ್ಟಿ
6 ನವೆಂಬರ್ 2024

ತಂಗಿ ಅನುಸೂಯಗೆ ನಿಮ್ಮಕ್ಕ ನಿಂಗಕ್ಕನ ಆಶೀರ್ವಾದ.

ನಾವು ಚೆನ್ನಾಗಿದೀವಿ ಅಂತ ಬರೆಯೋಕೂ ನನಗೆ ಹೆದರಿಕೆ. ಬರೆದು ಮುಗಿಸೋದ್ರೊಳಗೆ ಏನಾದ್ರೂ ಆಗಿಬಿಟ್ರೆ? ನಿಮ್ಮ ಭಾವ ಕುರಿ ಹೊಡ್ಕೊಂಡು ದಾವಣಗೆರೆ ಕಡೆ ನಾಲೆ ಬಯಲಿಗೆ ಹೋಗವ್ರೆ. ಇನ್ನು ಬೇಸಿಗೆ ಮುಖ ನೋಡಿಕೊಂಡೇ ಬರೋದು. ಮನೇಲಿ ನಾನೊಬ್ಬಳೇ. ಒಬ್ಬಳೇ ಇದ್ರೆ ತಲೇಲಿ ಏನೇನೋ ಬರುತ್ತೆ, ನಿನಗೆ ಗೊತ್ತಲ್ಲ.

ಫೋನಲ್ಲಿ ಏನೂ ಮಾತಾಡಬೇಡ, ಬರೆದು ಕಳಿಸು ಅಂತ ನೀನೇ ಅಂದಿದ್ದೆ. ಅದಕ್ಕೇ ಬರೀತಿದೀನಿ. ನೀನು ಇನ್ನೊಬ್ಬ ಮೆಂಬರ್ ಹೆಂಗಸಿನ ಜೊತೆ ಮಾತಾಡಿದ್ದನ್ನ ಯಾರೋ ರೆಕಾರ್ಡ್ ಮಾಡಿ ಊರಿಗೆಲ್ಲ ಹಂಚಿದ್ರು ಅಂತ ಕೇಳಿದಾಗಿಂದ ನನಗೂ ಫೋನ್ ಮುಟ್ಟೋಕೆ ಭಯ. ನಮ್ಮೂರ ತಿಪ್ಪಯ್ಯ ನಿಮ್ಮ ಶ್ರೀರಾಂಪುರದ ಬಸ್ಸಿಗೆ ಕಂಡಕ್ಟರ್ ಆಗವ್ನೆ. ಅವನ ಕೈಲೇ ಕೊಡ್ತೀನಿ. "ಏನಕ್ಕ, ಅಧ್ಯಕ್ಷರಿಗೆ ಅರ್ಜಿನಾ? ನಂಗೂ ಒಂದು ಮನೆ ಕೇಳು" ಅಂತ ನಗಾಡ್ತಾನೆ. ಆರನೇ ಕ್ಲಾಸಿಗೇ ಶಾಲೆ ಬಿಟ್ಟು ಮರಿ ಕಾಯೋಕೆ ಹೋದೋಳು ನಾನು. ತಪ್ಪಿದ್ರೆ ನಿನ್ನ ಮಗಳು ಚೈತ್ರಾ ನಗದಿರಲಿ.

ನೇರ ವಿಷಯಕ್ಕೆ ಬರ್ತೀನಿ. ಈ ತಿಂಗಳಿಗೆ ನೀನು ಪಂಚಾಯ್ತಿ ಅಧ್ಯಕ್ಷೆಯಾಗಿ ಹದಿನೈದು ತಿಂಗಳು ತುಂಬುತ್ತೆ. ಹದಿನೈದು ನಿನಗೆ, ಉಳಿದ ಹದಿನೈದು ನಿಮ್ಮೂರ ದಾಳಿಂಬೆ ತೋಟದ ರವೀಂದ್ರನ ಹೆಂಡ್ತಿಗೆ ಅಂತ ನಿನ್ನ ಗಂಡ ಓಬಳೇಶ ಐಮಂಗಲದ ಹತ್ರ ಬೀರಪ್ಪನ ಗುಡೀಲಿ ಭಂಡಾರ ಮುಟ್ಟಿ ಆಣೆ ಇಟ್ಟವ್ನೆ. ದೇವರ ಅರಿಶಿನ ಅದು, ಅನುಸೂಯ. ಕುರ್ಚಿ ಇವತ್ತಿರುತ್ತೆ ನಾಳೆ ಹೋಗುತ್ತೆ. ಆಣೆ ತಪ್ಪಿದ್ರೆ ಹೊತ್ತುಕೊಳ್ಳೋದು ಯಾರು? ನಿನಗಿರೋದು ಒಬ್ಬಳೇ ಮಗಳು. ನೀನು ರಾಜೀನಾಮೆ ಕೊಡಲ್ಲ ಅಂತಿದೀಯಂತೆ. ನಿಜವೇನೇ? ಸುಳ್ಳು ಅಂತ ಬರಿ.

ನಿಮ್ಮಕ್ಕ
ನಿಂಗಕ್ಕ


ಶ್ರೀರಾಂಪುರ ಹೋಬಳಿ, ಮೇಲ್ಕೇರಿ
14 ನವೆಂಬರ್ 2024

ಅಕ್ಕ,

ನಿಜ.

ಆಣೆ ಇಟ್ಟ ದಿನ ನಾನು ಆ ಗುಡೀಲಿ ಇರಲಿಲ್ಲ. ಮನೇಲಿ ಕೂತು ಅವರಿಗೇ ಮಟನ್ ಸಾರು ಕಾಸ್ತಿದ್ದೆ. ಗಂಡಸರೆಲ್ಲ ಎರಡು ಜೀಪಲ್ಲಿ ಬಂದು ಇಳಿದ್ರು, ಹಣೆ ತುಂಬ ಅರಿಶಿನ. "ಏನು ವಿಶೇಷ?" ಅಂದೆ. "ಊಟ ಬಡಿಸು, ಆಮೇಲೆ ಹೇಳ್ತೀನಿ" ಅಂದ್ರು ನಮ್ಮನೆಯವ್ರು. ಆ ಆಮೇಲೆ ಮೂರು ದಿನ ಬಿಟ್ಟು ಬಂತು. ನನ್ನ ಹುದ್ದೆಯನ್ನ ಅರ್ಧ ಮಾಡಿ ಹಂಚಿದ್ದನ್ನ ನನಗೇ ಹಳೇ ಸುದ್ದಿ ಥರ ಹೇಳಿದ್ರು.

ನಮ್ಮ ಆಫೀಸಿನ ಬೋರ್ಡಲ್ಲಿ ನನಗಿಂತ ಮುಂಚೆ ಮೂರು ಹೆಂಗಸರ ಹೆಸರೈತೆ. ಒಬ್ಬಳೂ ಆ ಕುರ್ಚಿ ಮೇಲೆ ಕೂತಿಲ್ಲ. ಗಂಡಂದಿರು ಕೂತಿದ್ರು. ನಾನೂ ಮೊದಲ ಎರಡು ತಿಂಗಳು ಪಕ್ಕದ ಸ್ಟೂಲ್ ಮೇಲೆ ಕೂತಿದ್ದೆ. ಒಂದಿನ ಎಲ್ಲರ ಮುಂದೆ "ಏಳ್ರಿ, ಅದು ನನ್ನ ಕುರ್ಚಿ" ಅಂದೆ. ಅವರು ತಮಾಷೆ ಅಂದ್ಕೊಂಡು ನಕ್ಕರು. ನಾನು ನಗಲಿಲ್ಲ. ಎದ್ರು. ಅವತ್ತಿಂದ ಮನೇಲಿ ಮಾತು ಕಮ್ಮಿ. ಇರಲಿ ಬಿಡು, ಅದು ದೊಡ್ಡ ವಿಷಯ ಅಲ್ಲ.

ವಿಷಯ ನೀರಿಂದು. ಪಂಚಾಯ್ತಿ ಬೋರ್‌ವೆಲ್ ರವೀಂದ್ರನ ಹೊಲದ ಅಂಚಲ್ಲೈತೆ. ನಮ್ಮ ಮೇಲ್ಕೇರಿಗೆ ಅಂತ ಕೊರೆಸಿದ್ದು. ಆರು ವರ್ಷದಿಂದ ಆ ನೀರು ಅವನ ದಾಳಿಂಬೆ ಗಿಡಕ್ಕೆ ಹೋಗ್ತೈತೆ. ನಾನು ಅದನ್ನ ತಿರುಗಿಸಿ ಕೇರಿಗೆ ಹೊಸ ಪೈಪ್ ಹಾಕಿಸ್ತಿದೀನಿ. ಅರ್ಧ ಆಗೈತೆ. ನಾನು ಇಳಿದ್ರೆ ಅವನ ಹೆಂಡ್ತಿ ಅಧ್ಯಕ್ಷೆ, ಅಂದ್ರೆ ಅವನೇ. ಆಮೇಲೆ ನೀರು ಯಾವ ಕಡೆ ಹರಿಯುತ್ತೆ ಅಂತ ನಾನು ಬರೀಬೇಕಾ?

ನಮ್ಮ ಮಾರಣ್ಣಜ್ಜ ಗೊತ್ತಲ್ಲ, ಹಳೇ ಕುರಿಗಾರ, ಅವನೂ ಮೆಂಬರು. ದೇವರು ಅಂದ್ರೆ ಕಾಲಿಂದ ಕೆರ ಬಿಡೋನು. ಅವನೇ ಸಭೇಲಿ ಎದ್ದು, "ಭಂಡಾರ ಮುಟ್ಟಿದ ಕೈಗೆ ಆಣೆ. ಈ ಹೆಣ್ಮಗಳ ಕೈ ಮುಟ್ಟಿಲ್ಲ. ಇವಳಿಗೆ ಯಾವ ಆಣೆನೂ ಇಲ್ಲ ಕಣ್ರಯ್ಯ" ಅಂದ. ಅದಕ್ಕಿಂತ ಇನ್ನೇನು ಬೇಕು ನಿನಗೆ?

ಸುಮ್ಮನೆ ಉಣ್ಣು, ಮಲಗು.

ಅನುಸೂಯ


ಹಟ್ಟಿ
25 ನವೆಂಬರ್ 2024

ತಂಗಿ ಅನುಸೂಯ,

ನಿನ್ನ ಕಾಗದ ಓದಿ ಧೈರ್ಯ ಬಂತು. ಸಾಯಂಕಾಲದವರೆಗೂ ಇತ್ತು ಆ ಧೈರ್ಯ. ಆಮೇಲೆ ಹೋಯ್ತು.

ಮಾರಣ್ಣಜ್ಜನ ಮಾತು ಸರೀನೇ ಇರಬಹುದು. ಆದ್ರೆ ಗಂಡ ಹೆಂಡ್ತಿ ಅಂದ್ಮೇಲೆ ಕೈ ಬೇರೆ ಬೇರೆ ಅಂತ ದೇವರು ನೋಡ್ತಾನಾ? ಅವನು ಪಾಪ ಮಾಡಿದ್ರೆ ಅರ್ಧ ನಿನಗೆ, ನೀನು ಪುಣ್ಯ ಮಾಡಿದ್ರೆ ಅರ್ಧ ಅವನಿಗೆ ಅಂತ ನಮ್ಮಜ್ಜಿ ಹೇಳ್ತಿರಲಿಲ್ವಾ?

ಮೊನ್ನೆ ಬೀರಪ್ಪನ ಗುಡಿಯ ಪೂಜಾರಿ ಮೂರ್ತಪ್ಪ ಬಂದಿದ್ದ. ರಾಗಿ ಎತ್ತೋ ಕಾಲಕ್ಕೆ ಬರೋದು ಅವನು, ಈ ಸಲ ಮುಂಚೆನೇ ಬಂದ. ಅದೂ ಕಾರಲ್ಲಿ. ಯಾರೋ ಪುಣ್ಯಾತ್ಮರು ಬಿಟ್ಟುಹೋದರಂತೆ. ಒಂದು ಮೊರ ರಾಗಿ ಕೊಟ್ಟೆ, ಕಾಫಿ ಕೊಟ್ಟೆ. "ನಿಂಗಕ್ಕ, ನಿನ್ನ ತಂಗಿ ಸುದ್ದಿ ಕೇಳಿಯೇ ಓಡಿ ಬಂದೆ" ಅಂದ. ಆಣೆ ತಪ್ಪಿದ ಮನೇಲಿ ಮೊದಲು ಮೈಗೆ ಪೆಟ್ಟಾಗುತ್ತಂತೆ, ಆಮೇಲೆ ಮನೆ ಒಡೆಯುತ್ತಂತೆ, ಆಮೇಲೆ ಮಕ್ಕಳಿಗೆ ಬರುತ್ತಂತೆ. "ದಾರಿ ಇಲ್ಲವೇನಪ್ಪ?" ಅಂದೆ. "ಐತೆ. ಹುಟ್ಟಿದ ಮನೆ ಹಿರಿಯರು ಬಂದು ದೇವರಿಗೆ ತಪ್ಪುಕಾಣಿಕೆ ಇಟ್ರೆ ಮಗಳ ಮೇಲಿನ ಆಣೆ ಇಳಿಯುತ್ತೆ. ಅಪ್ಪ ಅವ್ವ ಇಲ್ಲ, ಇನ್ನು ಹಿರಿಯಳು ಅಂದ್ರೆ ನೀನೇ" ಅಂದ.

ಆಮೇಲೆ ನೋಡೋಣ ಅಂತ ಕಳಿಸಿದೆ. ನಿನ್ನ ಕೇಳದೆ ಏನೂ ಮಾಡಲ್ಲ ಅಂದ್ಕೊಂಡೀನಿ. ನೀನೇ ಯೋಚನೆ ಮಾಡು. ಸ್ಕೂಟಿ ಮೇಲೆ ಹೋಗುವಾಗ ಹುಷಾರು. ಲಾರಿಗಳು ಕಣ್ಣುಮುಚ್ಚಿಕೊಂಡು ಬರ್ತವೆ. ಚೈತ್ರಾನ ಹೊಸದುರ್ಗದ ಕಾಲೇಜಿಂದ ಕತ್ತಲೆ ಆಗೋದ್ರೊಳಗೆ ಕರೆಸ್ಕೋ.

ನಿಂಗಕ್ಕ


ಮೇಲ್ಕೇರಿ
12 ಡಿಸೆಂಬರ್ 2024

ಅಕ್ಕ,

ಅಕ್ಷರ ನೋಡಿ ಗಾಬರಿ ಆಗಬೇಡ. ಚೈತ್ರಾ ಕೈಲಿ ಬರೆಸ್ತಿದೀನಿ. ಹೋದ ವಾರ ಜಗಲಿ ಮೇಲಿಂದ ಕಾಲು ಜಾರಿ ಬಿದ್ದೆ. ಬಲಗೈ ಮುರಿದೈತೆ. ಹೊಳಲ್ಕೆರೇಲಿ ಒಬ್ಬ ಎಲುಬಿನ ಡಾಕ್ಟರ್ ಹತ್ರ ಕಟ್ಟು ಹಾಕಿಸ್ಕೊಂಡು ಬಂದೆ. ನೆಲ ಒದ್ದೆ ಇತ್ತು, ನೋಡ್ಲಿಲ್ಲ, ಅಷ್ಟೇ. ಇದರಲ್ಲಿ ಹುಡುಕೋಂಥದ್ದು ಏನೂ ಇಲ್ಲ.

ಈಗ ಬಿಲ್ಲಿಗೆ, ಕಡತಕ್ಕೆ ಎಡಗೈ ಹೆಬ್ಬೆಟ್ಟು ಒತ್ತಬೇಕು. ರವೀಂದ್ರನ ಕಡೆಯವರಿಗೆ ಹಬ್ಬ. "ಪಿಯುಸಿ ಓದಿದ ಅಧ್ಯಕ್ಷಿಣಿ ಹೆಬ್ಬೆಟ್ಟಿಗೆ ಬಂದ್ಲು" ಅಂತ ಟೀ ಅಂಗಡೀಲಿ ಆಡ್ಕೊಂಡು ನಗ್ತಾರಂತೆ. ನಗಲಿ. ಹೆಬ್ಬೆಟ್ಟು ಒತ್ತಿದ್ರೂ ಪೈಪ್ ಬರ್ತೈತೆ.

ನನ್ನ ಮೇಲೆ ಅವಿಶ್ವಾಸಕ್ಕೆ ಅರ್ಜಿ ಕೊಟ್ಟವ್ರೆ. ಎ.ಸಿ. ಸಾಹೇಬರು ಬಂದು ಸಭೆ ಮಾಡ್ತಾರೆ. ಹದಿನೈದು ಜನ ಮೆಂಬರಲ್ಲಿ ಹತ್ತು ಕೈ ಎದ್ದರೆ ನಾನು ಇಳಿಯಬೇಕು. ಅವರ ಹತ್ರ ಒಂಬತ್ತು ಐತೆ. ಹತ್ತನೇದು ಸಿಗಲ್ಲ. ಮಾರಣ್ಣಜ್ಜನ್ನ ಹಿಡಿಯೋಕೆ ಬಹಳ ಆಟ ಆಡಿದ್ರು, ಹೊಸ ಕಂಬಳಿ ತಂದು ಹೊದಿಸೋಕೆ ಹೋದ್ರು. "ನನಗೆ ನನ್ನ ಹಳೇ ಕಂಬಳಿನೇ ಬೆಚ್ಚಗೈತೆ, ತಗಂಡು ಹೋಗ್ರಪ್ಪ" ಅಂತ ಕಳಿಸಿದ.

ನೀನು ತಪ್ಪುಕಾಣಿಕೆ ಅಂತ ಬರೆದಿದ್ದೆ. ಮಾಡದ ತಪ್ಪಿಗೆ ಎಂಥ ಕಾಣಿಕೆ ಅಕ್ಕ? ಆ ಕಡೆ ತಲೆ ಹಾಕಬೇಡ.

ಅನುಸೂಯ

ದೊಡ್ಡಮ್ಮ, ನಾನು ಚೈತ್ರಾ. ಅಮ್ಮ ಒಳಗೆ ಹೋದ ಮೇಲೆ ಇದಿಷ್ಟು ಸೇರಿಸ್ತಿದೀನಿ. ಅಪ್ಪ ಈಗ ಮನೇಲಿಲ್ಲ, ಹೊಸದುರ್ಗದಲ್ಲಿ ರೂಮ್ ಮಾಡ್ಕೊಂಡವ್ರೆ. ಅಮ್ಮ ಹೇಳಬೇಡ ಅಂದ್ರು. ನೀವು ಒಂದ್ಸಲ ಬನ್ನಿ.


ಹಟ್ಟಿ
22 ಡಿಸೆಂಬರ್ 2024

ಅನುಸೂಯ,

ನಿನ್ನ ಕಾಗದ ಬಂದು ಎಂಟು ದಿನ ಆಯ್ತು. ಉತ್ತರ ಬರೆಯೋಕೆ ಕೂತು ಕೂತು ಎದ್ದುಬಿಡ್ತೀನಿ.

ಮೂರ್ತಪ್ಪ ಏನು ಹೇಳಿದ್ದ? ಮೊದಲು ಮೈಗೆ ಪೆಟ್ಟು, ಆಮೇಲೆ ಮನೆ ಒಡೆಯೋದು. ಕೈ ಮುರೀತು. ಅದೂ ಯಾವ ಕೈ? ರುಜು ಹಾಕೋ ಕೈ. ಹುಟ್ಟಿದಾಗಿಂದ ಬಂಡೆ ಮೇಲೆ ಮರಿ ಹಿಂದೆ ಓಡಿದೋಳು ನೀನು, ಒಂದಿನ ಜಾರಿದೋಳಲ್ಲ. ಸ್ವಂತ ಮನೆ ಜಗಲಿ ಮೇಲೆ ಸುಮ್ಮನೆ ಜಾರ್ತೀಯಾ? ನೆಲ ಒದ್ದೆ ಇತ್ತಂತೆ. ನಿಮ್ಮ ಕೇರೀಲಿ ಕುಡಿಯೋಕೇ ನೀರಿಲ್ಲ, ಜಗಲಿ ಒದ್ದೆ ಆಗೋಕೆ ಎಲ್ಲಿಂದ ಬಂತು? ಇನ್ನು ಓಬಳೇಶ ಮನೆ ಬಿಟ್ಟವ್ನೆ. ಚೈತ್ರಾಗೆ ಬಯ್ಯಬೇಡ, ಹೆದರಿ ಬರೆದೈತೆ, ಪಾಪ ಮಗು.

ಮೂರನೇದು ಯಾವುದು ಅಂತ ನಾನು ಬರೆಯಲ್ಲ. ಬರೆಯೋಕೆ ಕೈ ಬರಲ್ಲ.

ನಾನು ಬರೋಣ ಅಂತಾನೇ ಇದ್ದೆ. ಎರಡು ಸಲ ಬಟ್ಟೆ ಗಂಟು ಕಟ್ಟಿದೆ. ಮರಿ ಹಾಕೋ ಕುರಿ ಎರಡು ಮನೆ ಹತ್ರ ಬಿಟ್ಟುಹೋಗವ್ರೆ ನಿಮ್ಮ ಭಾವ, ಯಾರ ಕೈಲಿ ಬಿಡಲಿ? ಅದೂ ಅಲ್ಲದೆ, ಬಂದು ನಿನ್ನ ಕೈ ನೋಡಿದ್ರೆ ನಾನು ಅಲ್ಲೇ ಕೂತುಬಿಡ್ತೀನಿ, ನಿನಗೇ ಭಾರ. ಇಳಿದುಬಿಡೆ ತಾಯಿ. ನೀರಿಲ್ಲದೆ ನಿಮ್ಮ ಕೇರಿ ಇಷ್ಟು ವರ್ಷ ಬದುಕಿಲ್ವಾ?

ನಿಂಗಕ್ಕ


ಮೇಲ್ಕೇರಿ
6 ಜನವರಿ 2025

ಅಕ್ಕ,

ಇದನ್ನ ಎಡಗೈಲಿ ನಾನೇ ಬರೀತಿದೀನಿ. ಕೋಳಿ ಕೆದರಿದ ಹಾಗೈತೆ, ಆದ್ರೂ ಇದನ್ನ ಬೇರೆಯವರ ಕೈಲಿ ಬರೆಸೋಕೆ ಮನಸ್ಸಾಗಲಿಲ್ಲ.

ನಿನ್ನೆ ಬೆಳಿಗ್ಗೆ ಮೇಲ್ಕೇರಿಗೆ ನೀರು ಬಂತು. ಪೈಪ್ ಇನ್ನೂ ಪೂರ್ತಿ ಆಗಿಲ್ಲ, ಕೊನೆ ತುಂಡಿಗೆ ರಬ್ಬರ್ ಪೈಪ್ ಸಿಗಿಸಿ ಬಿಟ್ಟು ನೋಡಿದ್ವಿ. ಮೊದಲು ಬರೀ ಗಾಳಿ ಬುಸುಗುಟ್ಟಿತು. ಕೆಂಪು ಮಣ್ಣು ಕಾರ್ತು. ಆಮೇಲೆ ತಿಳಿ ನೀರು. ಮುದುಕೀರೆಲ್ಲ ಕೊಡ ಬಿಟ್ಟು ಸುಮ್ಮನೆ ಕೈ ಒಡ್ಡಿ ನಿಂತ್ಕೊಂಡ್ರು. ಒಬ್ಬಳು, "ಲೇ ಅನುಸೂಯ, ಇದು ಎಷ್ಟು ದಿನದ ಸಂಸಾರನೇ?" ಅಂದ್ಲು. ಎಲ್ಲ ನಕ್ಕರು. ನಾನೂ ನಕ್ಕೆ. ಮಾರಣ್ಣಜ್ಜ ತಲೆ ಮೇಲೆ ಒಂದು ಚೊಂಬು ಸುರ್ಕೊಂಡು ಚಳೀಲಿ ನಡುಗ್ತಾ ನಿಂತಿದ್ದ.

ಸಭೆ ಇಪ್ಪತ್ತೆರಡಕ್ಕೆ. ಅದು ದಾಟಿದ್ರೆ ಉಳಿದ ಕೆಲಸದ ಬಿಲ್ಲೂ ಪಾಸಾಗುತ್ತೆ, ಸಿಮೆಂಟ್ ಹಾಕಿ ಮುಚ್ಚಿಬಿಟ್ರೆ ಆಮೇಲೆ ಯಾರು ಬಂದ್ರೂ ಪೈಪ್ ಕೀಳೋದು ಸುಲಭ ಅಲ್ಲ. ಅಷ್ಟು ಸಾಕು ನನಗೆ. ಆಮೇಲೆ ನಾನೇ ಕುರ್ಚಿ ಬಿಡ್ತೀನಿ, ನಿನ್ನ ಸಮಾಧಾನಕ್ಕೆ.

ಕೈ ನೋವು ಕಮ್ಮಿ ಆಗೈತೆ.

ಅನುಸೂಯ


ಹಟ್ಟಿ
10 ಜನವರಿ 2025

ನನ್ನ ಬಂಗಾರದಂಥ ತಂಗಿಗೆ,

ನಿನ್ನ ಕಾಗದ ಇನ್ನೂ ಬಂದಿಲ್ಲ. ತಿಪ್ಪಯ್ಯ ಜ್ವರ ಅಂತ ಮಲಗವ್ನೆ, ಬಸ್ಸಿಗೆ ಬೇರೆ ಯಾರೋ ಹೋಗ್ತವ್ರೆ. ಅವನು ಎದ್ದ ಕೂಡಲೆ ಇದನ್ನ ಕಳಿಸ್ತೀನಿ. ಇವತ್ತು ನನಗೆ ಚೆನ್ನಾಗಿ ಹಸಿವಾಯ್ತು ಗೊತ್ತಾ? ಎರಡು ಮುದ್ದೆ ಉಂಡೆ. ಯಾವ ಕಾಲ ಆಗಿತ್ತೋ ಹಿಂಗೆ ಉಂಡು.

ಇನ್ನು ನಿನಗೆ ಏನೂ ಆಗಲ್ಲ. ಚೈತ್ರಾಗೂ ಆಗಲ್ಲ. ನಿನ್ನೆ ಐಮಂಗಲಕ್ಕೆ ಹೋಗಿ ಬೀರಪ್ಪನಿಗೆ ತಪ್ಪುಕಾಣಿಕೆ ಇಟ್ಟು ಬಂದೆ.

ನಿನ್ನ ಕೇಳದೆ ಮಾಡಲ್ಲ ಅಂದಿದ್ದೆ, ನಿಜ. ಕೇಳಿದ್ರೆ ನೀನು ಬೇಡ ಅಂತಿದ್ದೆ. ಮಗು ಔಷಧಿ ಬೇಡ ಅಂದ್ರೆ ಬಿಡ್ತೀವಾ? ನಿನಗೆ ಎರಡು ವರ್ಷ ಇದ್ದಾಗ ಅವ್ವ ಸತ್ತಳು. ನಿನ್ನ ಮೂಗು ಹಿಡಿದು ಕಷಾಯ ಕುಡಿಸಿದ್ದು ನಾನೇ. ಹಂಗೇ ಅಂದ್ಕೋ.

ಗುಡೀಲಿ ಬಹಳ ಜನ ಇದ್ರು. ನಾನು ಹೋಗೋದು ಅವರಿಗೆ ಮೊದಲೇ ಗೊತ್ತಿದ್ದ ಹಂಗಿತ್ತು. ಮೂರ್ತಪ್ಪ ಕರಿ ಕಂಬಳಿ ಹಾಸಿ ಗದ್ದಿಗೆ ಮಾಡಿದ. ಮೇಲೆ ಭಂಡಾರ, ಎಲೆ ಅಡಿಕೆ, ಕಾಯಿ. ನನ್ನ ಕೈ ಭಂಡಾರದ ಮೇಲೆ ಇಡಿಸಿ, ಗಟ್ಟಿಯಾಗಿ ಹೇಳವ್ವ, ಎಲ್ಲರಿಗೂ ಕೇಳ್ಬೇಕು ಅಂದ. "ನಮ್ಮ ಮನೆ ಮಗಳು ಅನುಸೂಯ ಆಣೆಗೆ ತಪ್ಪಿದ್ಲು. ತಪ್ಪು ನಮ್ಮದು. ಹೊಟ್ಟೇಲಿ ಹಾಕ್ಕೊ" ಅಂದೆ. ಮೂರು ಸಲ ಹೇಳಿಸಿದ. ಬಿಳೀ ಅಂಗಿಯವನೊಬ್ಬ ಎದುರಿಗೆ ಮೊಬೈಲ್ ಹಿಡ್ಕೊಂಡು ನಿಂತಿದ್ದ. ದೇವರ ಫೋಟೊ ತೆಗೀತವ್ನೆ ಅಂತ ನಾನು ಪಕ್ಕಕ್ಕೆ ಸರಿಯೋಕೆ ಹೋದೆ. "ಅಲ್ಲೇ ಇರಮ್ಮ, ಅಲ್ಲೇ ಇರು" ಅಂದ. ಒಳ್ಳೆ ಮನುಷ್ಯ.

ಹೊರಗೆ ಬಂದ್ರೆ ಎದೆ ಮೇಲಿಂದ ಬಂಡೆ ಇಳಿದ ಹಂಗಿತ್ತು. ಈಗ ನೀನು ಕುರ್ಚಿ ಮೇಲಾದ್ರೂ ಇರು, ಕೆಳಗಾದ್ರೂ ಇರು. ನಾನು ಇನ್ನು ನಿನಗೆ ಇಳಿ ಅಂತ ಬರೆಯಲ್ಲ.

ನಿಮ್ಮಕ್ಕ


ಮೇಲ್ಕೇರಿ
13 ಜನವರಿ 2025

ಅಕ್ಕ,

ನಿನ್ನ ಕಾಗದ ಇವತ್ತು ತಲುಪಿತು. ನೀನು ಮಾತಾಡಿದ್ದು ಮೂರು ದಿನ ಮುಂಚೆನೇ ತಲುಪಿತ್ತು. ಇಲ್ಲಿ ಎಲ್ಲರ ಮೊಬೈಲಲ್ಲೂ ಐತೆ. "ನಮ್ಮ ಮನೆ ಮಗಳು ಆಣೆಗೆ ತಪ್ಪಿದ್ಲು." ಕೇರಿ ಹುಡುಗರು ನಿನ್ನ ಥರ ಮಾತಾಡಿ ತೋರಿಸ್ತಾರೆ.

ನಾನು ಆಣೆ ಇಟ್ಟಿಲ್ಲ, ನನ್ನ ಕೈ ಭಂಡಾರ ಮುಟ್ಟಿಲ್ಲ. ನನ್ನ ಹತ್ರ ಇದ್ದಿದ್ದು ಅದೊಂದೇ ಮಾತು. ಆ ಮಾತಿನ ಮೇಲೆ ಮಾರಣ್ಣಜ್ಜ ನಿಂತಿದ್ದ, ಅವನ ಮೇಲೆ ನಾನು ನಿಂತಿದ್ದೆ. ನಿನ್ನೆ ಬಂದಿದ್ದ. ಜಗಲಿ ಹತ್ತಲಿಲ್ಲ. "ಹುಟ್ಟಿದ ಮನೆಯವರೇ ಭಂಡಾರ ಹಿಡಿದು ಒಪ್ಪಿಕೊಂಡ ಮೇಲೆ ನಾನು ಇಲ್ಲ ಅನ್ನೋಕೆ ಯಾರವ್ವ?" ಅಂದ. ಅವನಿಗೆ ದುಡ್ಡಾಸೆ ಇಲ್ಲ, ಇದ್ದಿದ್ರೆ ಅವನ ಹತ್ರ ಮಾತಾಡಬಹುದಿತ್ತು. ಅವನಿಗೆ ನಿನ್ನ ಥರಾನೇ ಭಯ.

ನಿನಗೆ ಒಂದು ವಿಷಯ ಮುಚ್ಚಿಟ್ಟಿದ್ದೆ. ನೀನು ಚಿಂತೆ ಮಾಡ್ತೀಯ ಅಂತ. ನಾನು ಜಾರಿ ಬೀಳಲಿಲ್ಲ ಅಕ್ಕ. ರಾಜೀನಾಮೆ ಬರೆದು ತಂದು ರುಜು ಹಾಕು ಅಂದ್ರು ನಮ್ಮನೆಯವ್ರು. ಹಾಕಲ್ಲ ಅಂದೆ. ಕೈ ಹಿಡಿದು ತಿರುಚಿದ್ರು, ಬಿಡಿಸ್ಕೊಂಡೆ, ಜಗಲಿಯಿಂದ ಕೆಳಗೆ ತಳ್ಳಿದ್ರು. ಚೈತ್ರಾ ಬಾಗಿಲಲ್ಲೇ ಇದ್ದಳು. ಅವಳೇ ಅವರನ್ನ ಮನೆಯಿಂದ ಆಚೆ ಹಾಕಿದ್ದು. ದೇವರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಇದನ್ನ ಅವತ್ತೇ ಬರೆದಿದ್ರೆ ನೀನು ಐಮಂಗಲಕ್ಕೆ ಹೋಗೋ ಬದಲು ನನಗೆ ಪೊಲೀಸ್ ಸ್ಟೇಷನ್‌ಗೆ ಹೋಗು ಅಂತಿದ್ದೆ.

ಈಗ ಒಂದೇ ದಾರಿ ಐತೆ. ಇಪ್ಪತ್ತೆರಡರೊಳಗೆ ನೀನು ಬಾ. ಮಾರಣ್ಣಜ್ಜನ ಮುಂದೆ ಕೂತು, ನನ್ನ ತಂಗಿ ಕಳಿಸಿದ್ದಲ್ಲ, ಅವಳು ಯಾವ ತಪ್ಪೂ ಒಪ್ಪಿಲ್ಲ, ನಾನೇ ಹೆದರಿ ಇಟ್ಟೆ ಅಂತ ಹೇಳು. ನಿನ್ನ ಬಾಯಿಂದ ಹೋಗಿದ್ದು ನಿನ್ನ ಬಾಯಿಂದಲೇ ವಾಪಸ್ ಬರಬೇಕು. ನಾನು ಹೇಳಿದ್ರೆ ನಡೆಯಲ್ಲ.

ನಿನಗೆ ಎರಡು ಸಲ ಫೋನ್ ಮಾಡಿದೆ. ರಿಂಗಾಗಿ ಕಟ್ಟಾಯ್ತು.

ಅನುಸೂಯ


ಹಟ್ಟಿ
17 ಜನವರಿ 2025

ಅನುಸೂಯ,

ಫೋನ್ ಕಟ್ ಮಾಡಿದ್ದು ನಾನೇ. ನಿನ್ನ ಹೆಸರು ಕಾಣ್ತಲೇ ಏನೋ ಕೆಟ್ಟ ಸುದ್ದಿ ಅನ್ನಿಸ್ತು. ಕೇಳದಿದ್ರೆ ಆಗದೇ ಇರುತ್ತೇನೋ ಅಂತ.

ನಿನ್ನ ಕಾಗದ ಓದಿ ಓಬಳೇಶನ ಮೇಲೆ ಕೆಂಡದಂಥ ಸಿಟ್ಟು ಬಂತು. ಅವನ ಕೈ ಸೇದಿಹೋಗಲಿ ಅಂತ ಬೈದೆ. ಬೈದ ತಕ್ಷಣ ಬಾಯಿ ಮುಚ್ಕೊಂಡೆ, ನಿನ್ನ ಗಂಡನಲ್ವಾ ಅಂತ. ನನ್ನ ತಂಗಿ ಕೈ ಮುರಿದವನು ಅವನು. ನಾನು ಹೋಗಿ ಬೀರಪ್ಪನಿಗೆ ತಪ್ಪಾಯ್ತು ಅಂತ ಬೇಡಿಕೊಂಡು ಬಂದೆ. ಅವಮಾನ ಆಗುತ್ತೆ ನೆನೆಸ್ಕೊಂಡ್ರೆ.

ಬರ್ತೀನಿ ಅಂತಾನೇ ಹೊರಟೆ. ನಿಜವಾಗ್ಲೂ. ನಿನ್ನೆ ತಿಪ್ಪಯ್ಯನ ಬಸ್ಸಲ್ಲಿ ಕೂತೆ, ಹೊಸದುರ್ಗದವರೆಗೂ ಬಂದೆ. ಕಿಟಕಿ ಪಕ್ಕ ಕೂತು ಮಾರಣ್ಣಜ್ಜನ ಮುಂದೆ ಆಡೋ ಮಾತು ಬಾಯಲ್ಲೇ ಹೇಳ್ಕೊಳ್ತಾ ಇದ್ದೆ. "ಅವಳು ಕಳಿಸಿದ್ದಲ್ಲ, ಅವಳು ಕಳಿಸಿದ್ದಲ್ಲ." ಆಗ ತಲೇಲಿ ಬಂತು. ಓಬಳೇಶ ತಳ್ಳಿದ, ಸರಿ. ಅವನ ಕೈಯಿಂದ ತಳ್ಳಿಸಿದ್ದು ಯಾರು? ಇಪ್ಪತ್ತು ವರ್ಷ ನಿನ್ನ ಮೇಲೆ ಕೈ ಎತ್ತದೋನು ಈಗಲೇ ಯಾಕೆ ಎತ್ತಿದ? ಭಂಡಾರ ಮುಟ್ಟಿ ಇಟ್ಟಿದ್ದನ್ನ ಅದೇ ಬಾಯಲ್ಲಿ ವಾಪಸ್ ತಗೊಂಡ್ರೆ, ಮಾಫಿ ಆಗಿದ್ದು ಮತ್ತೆ ಬರಲ್ವಾ? ಎರಡು ಆಗಿಹೋಗವೆ. ಉಳಿದಿರೋದು ಮೂರನೇದು ಒಂದೇ.

ಹೊಸದುರ್ಗದಲ್ಲಿ ಕಾಲೇಜ್ ಬಿಟ್ಟಿತ್ತು. ಹುಡುಗೀರು ಗುಂಪಾಗಿ ಬಸ್ ಸ್ಟ್ಯಾಂಡಿಗೆ ಬರ್ತಿದ್ರು. ಅದರಲ್ಲಿ ಚೈತ್ರಾ ಇದ್ಲಾ ಇಲ್ವಾ ನನಗೆ ಗೊತ್ತಿಲ್ಲ. ಎಲ್ಲರೂ ಚೈತ್ರಾ ಥರಾನೇ ಕಂಡ್ರು. "ಯಾಕಕ್ಕ ಇಳೀತೀಯ, ಇನ್ನೂ ಶ್ರೀರಾಂಪುರ ಬಂದಿಲ್ಲ" ಅಂದ ತಿಪ್ಪಯ್ಯ. ಇಳಿದೆ. ಹಿರಿಯೂರಿನ ಬಸ್ ನಿಂತಿತ್ತು, ಹತ್ತಿದೆ.

ನನ್ನ ಕೈಲಿ ಆಗಲ್ಲ ಅನುಸೂಯ. ನೀನು ಸೋತರೆ ಬದುಕಿರ್ತೀಯ, ಮಗಳು ಇರ್ತಾಳೆ. ಮಾರಣ್ಣಜ್ಜನಿಗೇ ಒಳ್ಳೆ ಬುದ್ಧಿ ಬರಲಿ ಅಂತ ಬೇಡ್ಕೊಳ್ತೀನಿ.

ನಿಂಗಕ್ಕ


ಮೇಲ್ಕೇರಿ
23 ಜನವರಿ 2025

ಅಕ್ಕ,

ನಿನ್ನೆ ಸಭೆ ಮುಗೀತು.

ಒಂಬತ್ತು ಕೈ ಒಟ್ಟಿಗೆ ಎದ್ದವು. ಎ.ಸಿ. ಸಾಹೇಬರು ಎಣಿಸಿ, ಇನ್ನು ಯಾರಾದ್ರೂ ಇದ್ದೀರಾ ಅಂದ್ರು. ಮಾರಣ್ಣಜ್ಜ ತಲೆ ತಗ್ಗಿಸ್ಕೊಂಡೇ ಇದ್ದ. ಆಮೇಲೆ ಅವನ ಕೈ ಕಂಬಳಿ ಒಳಗಿಂದ ಮೇಲೆ ಬಂತು. ಪೂರ್ತಿ ಎತ್ತಲಿಲ್ಲ. ರವೀಂದ್ರ ಬಾಗಿಲಲ್ಲಿ ನಿಂತಿದ್ದೋನು, "ಇನ್ನೂ ಮೇಲೆ ಎತ್ತು ಅಜ್ಜ, ಸಾಹೇಬರಿಗೆ ಕಾಣಲಿ" ಅಂದ. ಎತ್ತಿದ.

ಏನಾದ್ರೂ ಹೇಳೋದೈತಾ ಅಂತ ಸಾಹೇಬರು ನನ್ನ ಕೇಳಿದ್ರು. ಮೇಲ್ಕೇರಿ ಪೈಪಿನ ಕೆಲಸ ಬಾಕಿ ಐತೆ, ಅದನ್ನ ಬರ್ಕೊಳ್ರಿ ಅಂದೆ. ಅದು ಈ ಸಭೆಯ ವಿಷಯ ಅಲ್ಲಮ್ಮ ಅಂದ್ರು. ಆ ಕುರ್ಚಿಯಿಂದ ನಾನೇ ಎದ್ದೆ, ಯಾರೂ ಎಬ್ಬಿಸಲಿಲ್ಲ.

ಇವತ್ತು ಬೆಳಿಗ್ಗೆ ನಲ್ಲೀಲಿ ಗಾಳಿ ಬಂತು. ಬೋರಿನ ಮೋಟರ್ ಸುಟ್ಟೈತೆ ಅಂತಾರೆ. ಮನೆ ಮಾಳಿಗೆ ಮೇಲೆ ನಿಂತರೆ ದಾಳಿಂಬೆ ಸಾಲು ಒದ್ದೆ ಇರೋದು ಕಾಣುತ್ತೆ.

ನಿನ್ನ ಮೇಲೆ ಸಿಟ್ಟಿಲ್ಲ ಅಂತ ಬರೆದ್ರೆ ಅದು ಸುಳ್ಳಾಗುತ್ತೆ. ನಿನಗೆ ನೋವಾಗಬಾರದು ಅಂತ ಒಂದು ಸಲ ಸುಳ್ಳು ಬರೆದು ನೋಡಿದೆ. ಸಾಕು.

ಅನುಸೂಯ


ಹಟ್ಟಿ
9 ಫೆಬ್ರವರಿ 2025

ತಂಗಿ ಅನುಸೂಯ,

ಎರಡು ಕಾಗದ ಕಳಿಸಿದೆ, ಇದು ಮೂರನೇದು. "ಕೊಟ್ಟೆ ಅಕ್ಕ, ಕೈಯಾರೆ ಕೊಟ್ಟೆ, ತಗೊಂಡು ಒಳಗೆ ಹೋದ್ರು" ಅಂತಾನೆ ತಿಪ್ಪಯ್ಯ. "ಏನಾದ್ರೂ ಅಂದ್ರಾ?" "ಏನೂ ಅನ್ನಲಿಲ್ಲ. ಟಿಕೆಟ್ ಎಷ್ಟಪ್ಪ ಹಿರಿಯೂರಿಗೆ ಅಂತ ಕೇಳಿದ್ರು." ನೀನು ಬರ್ತೀಯಾ? ಅದಕ್ಕೇ ಕೇಳಿದ್ಯಾ? ನಾನು ಅವತ್ತಿಂದ ದಿನಾ ಒಂದು ಮುದ್ದೆ ಜಾಸ್ತಿ ಮಾಡ್ತಿದೀನಿ.

ಐಮಂಗಲಕ್ಕೆ ಹೋಗಿದ್ದೆ. ಇಟ್ಟಿದ್ದನ್ನ ತಿರುಗಿ ತಗೊಳ್ಳೋಕಾಗುತ್ತಾ ಅಂತ ಕೇಳಿದೆ. "ದೇವರಿಗೆ ಕೊಟ್ಟಿದ್ದು ಬಸ್ ಟಿಕೆಟ್ ಏನವ್ವ, ಕ್ಯಾನ್ಸಲ್ ಮಾಡೋಕೆ?" ಅಂದ ಮೂರ್ತಪ್ಪ. ಅಲ್ಲಿದ್ದೋರೆಲ್ಲ ನಕ್ಕರು. ಗುಡಿ ಮುಂದೆ ಹೊಸದಾಗಿ ತಗಡಿನ ಚಪ್ಪರ ಹಾಕವ್ರೆ. ಅದರ ಮೇಲೆ ರವೀಂದ್ರನ ಹೆಸರೈತೆ. ನಾನು ಓದಿದೆ. ಎರಡು ಸಲ ಓದಿದೆ. ನಾನು ಇಷ್ಟು ದಡ್ಡಿ ಅಂತ ನಿನಗೆ ಮೊದಲೇ ಗೊತ್ತಿತ್ತಾ?

ಗೊತ್ತಾದ ಮೇಲೂ ಹೆದರಿಕೆ ಹೋಗಿಲ್ಲ, ಅದೇ ನನ್ನ ಕರ್ಮ. ಚೈತ್ರಾ ಹುಷಾರಾಗಿದ್ದಾಳಾ, ಇಷ್ಟು ಬರಿ.

ನಿಂಗಕ್ಕ


ಹಟ್ಟಿ
20 ಮಾರ್ಚ್ 2025

ಅನುಸೂಯ,

ನಿನ್ನೆ ನಾನು ನಿಮ್ಮೂರಿಗೆ ಬಂದಿದ್ದೆ. ನಿನಗೆ ಗೊತ್ತಿಲ್ಲ.

ನಿಮ್ಮ ಭಾವ ಕುರಿ ಹೊಡ್ಕೊಂಡು ವಾಪಸ್ ಬಂದವ್ರೆ. ಎಲ್ಲ ಕೇಳಿ, "ಕಾಗದ ಬರೆದು ಬರೆದು ಏನು ಮಾಡ್ತೀಯ, ಹೋಗಿ ಅವಳ ಕಾಲು ಹಿಡ್ಕೊ" ಅಂದ್ರು. ಹೊರಟೆ. ಈ ಸಲ ಹೊಸದುರ್ಗದಲ್ಲಿ ಇಳಿಯಲಿಲ್ಲ. ಮೇಲ್ಕೇರಿ ಸ್ಟಾಪಲ್ಲೇ ಇಳಿದೆ. ಬಸ್ಸು ಅಲ್ಲೇ ತಿರುಗಿಸ್ಕೊಂಡು ಟೀ ಕುಡಿದು ಹೊರಡುತ್ತೆ, ಅಷ್ಟರೊಳಗೆ ತಂಗಿನ ನೋಡಿ ಬಾ, ಇರ್ತೀಯಂದ್ರೆ ಹೇಳು ಅಂದ ತಿಪ್ಪಯ್ಯ.

ನಲ್ಲಿ ಹತ್ರ ಕೊಡಗಳ ಸಾಲಿತ್ತು. ಟ್ಯಾಂಕರ್‌ಗೆ ಕಾಯ್ತಿದ್ರು. ಬಿಸಿಲಿಗೆ ನನ್ನ ಬಾಯಿ ಒಣಗಿತ್ತು. ನೀರು ಕೇಳೋಕೆ ನಾಚಿಕೆ ಆಯ್ತು, ಆದ್ರೂ ಕೇಳಿದೆ. ಒಬ್ಬಳು ತನ್ನ ಮನೆಯಿಂದ ಅರ್ಧ ಚೊಂಬು ತಂದು ಕೊಟ್ಲು. "ಕುಡಿಯವ್ವ, ಯಾವೂರು?" ಅಂದ್ಲು. ಆ ಕಡೆ ಅಂತ ಕೈ ತೋರಿಸಿದೆ.

"ನಲ್ಲೀಲಿ ಬರಲ್ವೇನವ್ವ?" ಅಂದೆ. ಯಾಕೆ ಕೇಳಿದೆನೋ.

"ಬಂತಲ್ಲ, ನಮ್ಮ ಅನುಸೂಯಮ್ಮನ ಕಾಲದಾಗೆ ಬಂತು. ಎರಡು ವಾರ ಬಂತು. ಆಮೇಲೆ ಅವಳ ಅಕ್ಕನಂತೆ, ಎಲ್ಲಿಂದಲೋ ಬಂದು ನಮ್ಮ ನೀರನ್ನೂ ಸೇರಿಸಿ ದೇವರಿಗೆ ಒಪ್ಪಿಸಿಬಿಟ್ಲು."

ಎಲ್ಲರೂ ನಕ್ಕರು. ನೀರು ನನ್ನ ಗಂಟಲಲ್ಲೇ ಇತ್ತು. ನುಂಗಿದೆ.

ಆಗ ನೀನು ಬಂದೆ. ಎಡಗಡೆ ಸೊಂಟಕ್ಕೆ ಕೊಡ ಇಟ್ಕೊಂಡಿದ್ದೆ. ಬಲಗೈ ಇನ್ನೂ ನೆಟ್ಟಗಾಗಿಲ್ಲ, ಅಲ್ವಾ? ತಲೇಲಿ ಬಿಳಿ ಕೂದಲು ಬಂದವೆ. ಸಾಲಿನಲ್ಲಿದ್ದೋರು, "ಅಧ್ಯಕ್ಷರೇ, ಮುಂದೆ ಬರ್ರಿ, ಇಲ್ಲಿ ಇಡ್ರಿ" ಅಂದ್ರು. ನೀನು "ಬೇಡ ಕಣ್ರೇ" ಅಂತ ಕೊನೇಲಿ ಕೊಡ ಇಟ್ಟು ನಿಂತೆ. ಕುರ್ಚಿ ಹೋದ್ರೂ ಅವರು ನಿನ್ನ ಹಂಗೇ ಕರೀತಾರೆ. ಅದು ನಿನಗೆ ಸುಖವೋ ದುಃಖವೋ ನಿನ್ನ ಮುಖದಾಗೆ ಕಾಣಲಿಲ್ಲ.

ಕೂಗಿದ್ರೆ ಕೇಳೋ ಅಷ್ಟು ಹತ್ರ ಇದ್ದೆ ನೀನು. ಕೂಗಿದ್ರೆ ಆ ಹೆಂಗಸರಿಗೆಲ್ಲ ನಾನು ಯಾರು ಅಂತ ಗೊತ್ತಾಗ್ತಿತ್ತು. ಅರ್ಧ ಚೊಂಬು ಕೊಟ್ಟೋಳಿಗೂ ಗೊತ್ತಾಗ್ತಿತ್ತು. ಸೆರಗು ಮುಖದ ಮೇಲೆ ಎಳ್ಕೊಂಡೆ.

ತಿಪ್ಪಯ್ಯ ಹಾರನ್ ಹೊಡೆಸಿದ. ಟ್ಯಾಂಕರ್ ಇನ್ನೂ ಬಂದಿರಲಿಲ್ಲ. ನಾನು ಬಸ್ ಹತ್ತಿದೆ.

ನಿಂಗಕ್ಕ